ವಿಮಾನದ ಬೆಲ್ಟು, ಮಾವನ ಮಷಿನ್ನು

ಹೊಟ್ಟೆಕಿಚ್ಚು ಅಂದರೇನು ಅಂತ ನನ್ನನ್ನು ಕೇಳಿ, ಹೇಳುತ್ತೇನೆ.

ತೊಂಬತ್ತರ ದಶಕದ ಕೊನೆ. ತಿಪಟೂರಿನಲ್ಲಿ ನಮ್ಮ ಸೋದರಮಾವನದು ಸೀಟು ಹೊಲಿಯುವ ಅಂಗಡಿ. ಕೊಬ್ಬರಿ ಲಾರಿಗಳ ಸೀಟು, ಟಾರ್ಪಾಲು, ಎತ್ತಿನ ಕೊರಳಪಟ್ಟಿ, ಏನು ಬಂದರೂ ಹೊಲಿಯುತ್ತಿದ್ದೆವು. ಅಲ್ಲಿ ಕೆಲಸ ಕಲಿತವರು ನಾನು ಮತ್ತು ಚಿಕ್ಕಮ್ಮನ ಮಗ. ಅವನಿಗೆ ಸೂಜಿಗೆ ದಾರ ಪೋಣಿಸಲು ಕಲಿಸಿದ್ದೇ ನಾನು. ಆಮೇಲೆ ಅವನು ಪೈಲಟ್ ತರಬೇತಿಯ ಪುಟ್ಟ ವಿಮಾನಗಳನ್ನು ರಿಪೇರಿ ಮಾಡುವ ಶೆಡ್ಡಿಗೆ ಸೇರಿದ. ನಾನು ಅಂಗಡಿಯಲ್ಲೇ ಉಳಿದೆ. ಮಾವನ ಕಣ್ಣು ಮಂಜಾಗುತ್ತಿತ್ತು. ಅವರ ಮಷಿನ್ನು ನನ್ನ ಕೈಗೇ ಬರಬೇಕೆಂದು ಕಾದಿದ್ದೆ.

ಗೌರಿ ಹಬ್ಬಕ್ಕೆ ಬಂದವನು ವಿಮಾನದ ಹಳೆ ಸೀಟ್ ಬೆಲ್ಟ್ ಒಂದನ್ನು ತಂದ. ಅದನ್ನು ಅಡ್ಡಕ್ಕೆ ಕತ್ತರಿಸಿದ್ದರು.

"ಯಾರೂ ತಿರ್ಗಾ ಹಾಕ್ಬಾರ್ದು ಅಂತ ನಾವೇ ಕೊಯ್ದುಬುಡ್ತೀವಿ ಮಾವ. ಬಿಸ್ಲಿಗೆ ಬಣ್ಣ ಹೋಗ್ಯದೆ, ಅಂಚಲ್ಲಿ ನೂಲೆದ್ದದೆ, ನೋಡಿ."

ಮಾವ ಅದನ್ನು ಕಣ್ಣಿನ ಹತ್ತಿರ ಹಿಡಿದು ಹೊಲಿಗೆಯ ಮೇಲೆ ಬೆರಳಾಡಿಸಿದರು. "ಎಂಥಾ ಹೊಲ್ಗೆ ಕಣ್ಲಾ!"

ನನ್ನ ಒಂದು ಸೀಟಿಗೂ ಆ ಮಾತು ಬಂದಿರಲಿಲ್ಲ.

"ಇವ್ನೇನಾ ಹೊಲ್ದಿದ್ದು?" ಎಂದೆ.

"ಇಲ್ಲಣ್ಣ. ಹೊಸದು ಕಂಪನಿಯಿಂದ್ಲೇ ಬತ್ತದೆ. ಹಳೇದು ಬಿಚ್ಚಿ ಹೊಸದು ಕೂರ್ಸೋದಷ್ಟೇ ನನ್ ಕೆಲ್ಸ."

ಸಿಕ್ಕಿಬಿದ್ದ ಅಂದುಕೊಂಡೆ. "ಅದ್ಕ್ಯಾಕ್ಲಾ ಹೊಸದು? ನಂಗೆ ಕೊಡು. ಒಂದೀಟು ಕೊಬ್ರಿ ಎಣ್ಣೆ ಸವ್ರಿ ಮೆತ್ತಗ್ ಮಾಡಿ, ಎರಡು ಸಾಲು ಹೊಲ್ದು ಕೊಡ್ತೀನಿ."

ಅವನು ನಗು ತಡೆಯಲಾರದೆ, "ಅಯ್ಯೋ ಅಣ್ಣ! ಎಣ್ಣೆ ಕುಡಿದಿರೋ ಬೆಲ್ಟ್ ಹೊಸದಾದ್ರೂ ಕಿತ್ತಾಕ್ತೀವಿ. ಇದೇನು ಎತ್ತಿನ ಕೊರಳಪಟ್ಟಿನಾ?" ಎಂದ.

ಮಾವನೂ ನಕ್ಕರು. ಚರ್ಮದ ಪಟ್ಟಿ ಬಿರುಸಾದರೆ ಕೊಬ್ಬರಿ ಎಣ್ಣೆ ಸವರು ಎಂದು ನನಗೆ ಕಲಿಸಿದ್ದ ಮಾವ! ಅವತ್ತು ಅತ್ತೆ ಮಾಡಿದ ಕಾಯಿ ಹೋಳಿಗೆಯನ್ನು ಎಲೆಯಲ್ಲೇ ಬಿಟ್ಟು ಎದ್ದೆ.

ಊಟವಾದ ಮೇಲೆ ಮಾವ ಅವನನ್ನು ಜಗಲಿಗೆ ಕರೆದುಕೊಂಡು ಹೋದರು. ಒಳಗೆ ಎಲೆ ಎತ್ತುತ್ತಿದ್ದ ನನಗೆ ಎಲ್ಲ ಕೇಳುತ್ತಿತ್ತು.

"ಮಷಿನ್ನು ನೀನ್ ತಗೋತೀಯೇನ್ಲಾ? ನಿನ್ ಕೈ ಚೆಂದಾಗದೆ."

"ನಂಗ್ಯಾಕೆ ಮಾವ? ಅಲ್ಲಿ ಹೊಲಿಯೋ ಕೆಲ್ಸನೇ ಇಲ್ಲ. ಅಣ್ಣಂಗೆ ಕೊಡಿ."

ಮಾವ ಒಳಗೆ ಬಂದು ಹೆಗಲ ಮೇಲೆ ಕೈಯಿಟ್ಟರು. "ಮಷಿನ್ನು ನೀನೇ ಇಟ್ಕೊಳಪ್ಪ."

ಇಟ್ಟುಕೊಂಡೆ. ಇವತ್ತಿಗೂ ಅದರಲ್ಲೇ ಹೊಲಿಯುತ್ತೇನೆ, ಮನೆ ನಡೆಯುತ್ತಿರುವುದೂ ಅದರಿಂದಲೇ. ಆದರೆ ಪೆಡಲ್ ತುಳಿಯುವಾಗೆಲ್ಲ, ಇದು ಅವನು ಬೇಡ ಅಂದಿದ್ದಕ್ಕೆ ಸಿಕ್ಕಿದ್ದು ಅನ್ನುವುದು ತಲೆಯಿಂದ ಹೋಗುವುದಿಲ್ಲ.