ಬೀಗತಿ ಜೋಡಿ ಮಾತಾಡ್ಲಿಕ್ಕೆ ಸ್ಪ್ಯಾನಿಶ್ಶು

ಎರಡು ತಿಂಗಳ ಹಿಂದ ಮೆಕ್ಸಿಕೋದಾಗ ಒಬ್ಬ ಎಪ್ಪತ್ತು ವರ್ಷದ ಅಜ್ಜಿನ್ನ ನಾ ಮೂರು ತಾಸು ಉಪವಾಸ ಕೂಡಿಸಿದೆ. ಬೇಕಂತ ಅಲ್ರಿ. ಒಳ್ಳೆ ಸಂಸ್ಕಾರದ ದೆಸಿಯಿಂದ.

ಪುಯೆಬ್ಲಾ ಅನ್ನೋ ಊರಾಗ ಕಾರ್ಮೆನ್ ಅಜ್ಜಿ ಮನ್ಯಾಗ ಪೇಯಿಂಗ್ ಗೆಸ್ಟ್ ಆಗಿದ್ದೆ. ಮೊದಲನೇ ದಿನ ಮುಂಜಾನೆ ಸ್ಪ್ಯಾನಿಶ್ ಕ್ಲಾಸಿಗೆ ಹೊಂಟೆ. ಬಾಗಲದಾಗ ನಿಂತು ಏನು ಹೇಳಬೇಕು? 'ಹೋಗ್ತೀನಿ' ಅನಬಾರದು, ಅಪಶಕುನ. 'ಹೋಗಿ ಬರ್ತೀನಿ' ಅನಬೇಕಂತ ನಮ್ಮವ್ವ ಹುಬ್ಬಳ್ಳಿಯೊಳಗ ಕಲಿಸ್ಯಾಳ. ಅದನ್ನ ಹಂಗ ಎತ್ತಿ ಸ್ಪ್ಯಾನಿಶಿನ್ಯಾಗ ಇಟ್ಟೆ: "ಬೊಯ್ ಇ ಬೆಂಗೊ." ಅಜ್ಜಿ ಗೋಣು ಹಾಕಿದ್ಲು.

ಅಲ್ಲೆ ಆ ಮಾತಿನ ಅರ್ಥ 'ಈಗ ಹೋದೆ, ಈಗ ಬಂದೆ' ಅಂತ. ನಾ ಮೂಲಿ ಅಂಗಡಿಗೆ ಹೋಗೀನಿ ಅಂತ ತಿಳಕೊಂಡು ಅಜ್ಜಿ ಎರಡು ತಾಟು ನಾಷ್ಟಾ ಬಡಿಸಿ ಕೂತಾಳ. ನಾ ಮಧ್ಯಾಹ್ನ ಬಂದಾಗ ತತ್ತಿ ಆರಿ ತಣ್ಣಗಾಗಿತ್ತು. ಅಜ್ಜಿ ಒಂದು ತುತ್ತೂ ತಿಂದಿರಲಿಲ್ಲ. ಬೈಲಿಲ್ಲ, ಎರಡೂ ತಾಟು ಬಿಸಿ ಮಾಡಿ ತಂದಿಟ್ಲು. ನನಗ ಭೂಮಿ ಬಾಯಿ ತಗದ್ರ ಸಾಕು ಅನಿಸ್ತು.

ಐವತ್ತಮೂರನೇ ವರ್ಷಕ್ಕ ನಿನಗ್ಯಾಕ ಬೇಕಿತ್ತವ್ವಾ ಸ್ಟಡಿ ಅಬ್ರಾಡು, ಅಂತೀರಿ? ನಮ್ಮನಿಯವರೂ ಅದನ್ನೇ ಕೇಳಿದ್ರು. ಇಪ್ಪತ್ತೆರಡು ವರ್ಷದಿಂದ ಕೆನಡಾದ ಮಿಸಿಸಾಗಾದಾಗ ಇದ್ದೀವಿ, ಅಬ್ರಾಡಿನಿಂದ ಇನ್ನೊಂದು ಅಬ್ರಾಡಿಗೆ ಯಾರರೆ ಹೋಗ್ತಾರೇನು ಅಂತ ನಕ್ಕರು. ನಗಲಿ. ನನಗ ಕಾರಣ ಇತ್ತು.

ನನ್ನ ಮಗ ಸುಮಂತ ಡೇನಿಯೆಲಾ ಅನ್ನೋ ಹುಡುಗಿನ್ನ ಮೆಚ್ಚ್ಯಾನ. ಬಂಗಾರದಂಥಾ ಹುಡುಗಿ. ಅಕಿ ತಾಯಿ ಲೂರ್ದೆಸ್ ಪುಯೆಬ್ಲಾ ಕಡೆಯವರು, ಈಗ ಟೊರೊಂಟೋದಾಗ ಪರದೆ ಹೊಲೀತಾರ. ಅವರ ಇಂಗ್ಲಿಷು ನನ್ನ ಆಗಿನ ಸ್ಪ್ಯಾನಿಶಿನಷ್ಟ. ಅಂದ್ರ ಇಲ್ಲ ಅನ್ನೂ ಲೆಕ್ಕ.

ಹೋದ ವರ್ಷ ಮೊದಲನೇ ಸಲ ಅವರ ಮನಿಗೆ ಹೋದ್ವಿ. ಲೂರ್ದೆಸ್ ನನ್ನ ಕೈ ಹಿಡಕೊಂಡು, ಕಣ್ಣು ಒರಸ್ಕೋತ, ಐದು ನಿಮಿಷ ಏನೋ ಹೇಳಿದ್ರು. ಡೇನಿಯೆಲಾ ಅದನ್ನ ಇಂಗ್ಲಿಷಿಗೆ ತಂದ್ಲು: ನಿಮ್ಮನ್ನ ಭೇಟಿಯಾಗಿ ಅಮ್ಮಗ ಖುಷಿ ಆಗ್ಯದಂತ. ಇಷ್ಟ! ಐದು ನಿಮಿಷಕ್ಕ ಇಷ್ಟ? ನಾನೂ ನಮ್ಮತ್ತಿ ನನ್ನನ್ನ ಹೆಂಗ ಮಗಳಂಗ ನೋಡಿಕೊಂಡ್ರು, ನಿಮ್ಮ ಮಗಳನ್ನ ನಾ ಹಂಗ ನೋಡ್ತೀನಿ ಅಂತ ಮನಸು ಬಿಚ್ಚಿ ಹೇಳಿದೆ. ಸುಮಂತ ಏನಂತ ತರ್ಜುಮೆ ಮಾಡಿದ ಗೊತ್ತದ? ಥ್ಯಾಂಕ್ಯೂ ಅಂತ. ನನಗ ಎಂಥಾ ಸಿಟ್ಟು ಬಂತಂದ್ರ, ಕಾರಿನ್ಯಾಗ ಮನಿ ಮುಟ್ಟೋತನಕ ಅವನ ಜೋಡಿ ಮಾತಾಡ್ಲಿಲ್ಲ.

ಅವರಲ್ಲೂ ನಮ್ಮಂಗ ಪದ್ಧತಿ ಅದ. ಹುಡುಗನ ಕಡೆಯವರು ಹೋಗಿ ಹೆಣ್ಣು ಕೇಳಬೇಕು. ದಿನಾನೂ ಗೊತ್ತಾತು. "ಡೋಂಟ್ ವರಿ ಮಮ್ಮಿ, ಐ ವಿಲ್ ಟಾಕ್" ಅಂದ ಸುಮಂತ. ಹೆಣ್ಣು ಕೇಳೂದು ಲಗ್ನ ಆಗೋ ಹುಡುಗನ ಕೆಲಸೇನ್ರಿ? ಅದು ಹಿರಿಯರ ಕೆಲಸ. ನನ್ನ ಸೊಸಿನ್ನ ನಾನ ಕೇಳಬೇಕು, ನನ್ನ ಬಾಯಿಲೆ ಕೇಳಬೇಕು, ಅವರಿಗೆ ತಿಳಿಯೋ ಭಾಷಾದಾಗ ಕೇಳಬೇಕು. ಹಟ ಹಿಡದೆ. ಮೆಡೋವೇಲಿನ ಹಲ್ಲಿನ ಡಾಕ್ಟರ ಕ್ಲಿನಿಕ್ಕಿನ್ಯಾಗ ನಾ ಫ್ರಂಟ್ ಡೆಸ್ಕಿಗೆ ಕೂಡ್ತೀನಿ. ನಾಲ್ಕು ವಾರ ರಜಾ ಹಾಕಿ ವಿಮಾನ ಹತ್ತಿದೆ.

ಕ್ಲಾಸಿನ್ಯಾಗ ಎಲ್ಲಾರೂ ಇಪ್ಪತ್ತೊಂದು, ಇಪ್ಪತ್ತೆರಡರ ಹುಡುಗ್ರು. ನಾ ಒಬ್ಬಾಕಿ ಓದೋ ಚಷ್ಮಾದಾಕಿ. ಮೊದಲನೇ ವಾರ ಎಲ್ಲಾದರಾಗೂ ಹಿಂದ. ಅವರು ಕ್ರಿಯಾಪದ ಪಟಪಟ ಒಪ್ಪಿಸ್ತಿದ್ರ ನಾ ಪುಟಾ ಹುಡುಕ್ತಿದ್ದೆ. ಸಂತಿಗೆ ಹೋಗಿ ಕೊತ್ತಂಬರಿ ಕೇಳಿದ್ರ ಪಾಲಕ ಕೊಡೋವ್ರು. ಒಂದು ರಾತ್ರಿ ಅತ್ತೂಬಿಟ್ಟೆ. (ನಮ್ಮನಿಯವರಿಗೆ ಫೋನಿನ್ಯಾಗ ನೆಗಡಿ ಅಂತ ಹೇಳಿದೆ.)

ಎರಡನೇ ವಾರ ಟೀಚರು ಬೋರ್ಡಿನ ಮ್ಯಾಲೆ ಬರದ್ಲು: 'ಮೆ ಗುಸ್ತಾ'. ಇಲ್ಲೆ ನಾನು ಕಾಫಿನ್ನ ಇಷ್ಟಪಡೂದಲ್ಲ, ಕಾಫಿನ ನನಗ ಇಷ್ಟ ಆಗ್ತದ, ಅಂತ ತಿಳಿಸಿ ಹೇಳಿದ್ಲು. ಹುಡುಗ್ರು ಕಂಗಾಲು. ಕಾಫಿ ಹೆಂಗ ಕರ್ತೃ ಆಗ್ತದ, ನಾನೆಲ್ಲಿ ಹೋದೆ ಅಂತ ಅವರ ಗೋಳು.

ನಾ ಮಾತ್ರ ಸೆಟದು ಕೂತೆ. ಅಯ್ಯ, 'ನನಗ ಚಾ ಸೇರತದ' ಅಂತ ಹುಟ್ಟಿದಾಗಿಂದ ಅನ್ಕೋತ ಬಂದಾಕಿ ನಾನು! ತಲಿನೋವಿಗೆ ಅವರು 'ಮೆ ದುಯೆಲೆ' ಅಂತಾರ, ಅಂದ್ರ ನನಗ ನೋಯ್ತದ. ಮರತ್ರ 'ಸೆ ಮೆ ಒಲ್ಬಿದೊ', ನನಗ ಮರತು ಹೋತು. ನಾ ಮರತೆ ಅಂತ ತಪ್ಪು ಮೈಮ್ಯಾಲೆ ಎಳಕೊಳ್ಳೂದೇ ಇಲ್ಲ. ಇದು ಸ್ಪ್ಯಾನಿಶ್ ಏನು, ಹುಬ್ಬಳ್ಳಿ ಮಾತು! ಆವತ್ತು ಇಡೀ ಕ್ಲಾಸಿಗೆ ನಾನ ಬಿಡಿಸಿ ಹೇಳಿದೆ. ಅಲ್ಲಿಂದ ಹಿಂದ ತಿರುಗಿ ನೋಡ್ಲಿಲ್ಲ. ಸಂಜಿಮುಂದ ಕಾರ್ಮೆನ್ ಅಜ್ಜಿ ಜೋಡಿ ಕಟ್ಟಿ ಮ್ಯಾಲೆ ಕೂತು, ಅಕಿ ಸೊಸ್ಯಾರ ಮ್ಯಾಲಿನ ಚಾಡಿ ಕೇಳೋವಷ್ಟು ಭಾಷಾ ಬಂತು. ಅದಕ್ಕಿಂತ ದೊಡ್ಡ ಪರೀಕ್ಷಾ ಯಾವುದದ ಹೇಳ್ರಿ?

ವಾಪಸ್ ಬಂದ ಎರಡನೇ ಐತವಾರ ಹೆಣ್ಣು ಕೇಳ್ಲಿಕ್ಕೆ ಹೋದ್ವಿ. ಇಳಕಲ್ ಸೀರಿ, ಟೆಂಗಿನಕಾಯಿ, ಅರಿಷಿಣ ಕುಂಕುಮ ಒಂದು ಬುಟ್ಟಿ. ಅವರ ಪದ್ಧತಿಗೆ ಹೂವು, ಸಿಹಿ ಬ್ರೆಡ್ಡು ಇನ್ನೊಂದು ಬುಟ್ಟಿ. ಲೂರ್ದೆಸ್ ಅವರ ಅಣ್ಣ, ಅತ್ತಿಗಿ, ಎಲ್ಲಾರೂ ಸೋಫಾದ ಮ್ಯಾಲೆ ಸಾಲಾಗಿ ಕೂತಾರ. ಸುಮಂತ ಗಂಟಲು ಸರಿ ಮಾಡಿಕೊಂಡ. ಸುಮ್ಮನಿರು ಅಂತ ಕಣ್ಣಿಲೆ ಗದರಿಸಿ ನಾ ಎದ್ದು ನಿಂತೆ. ನಾಲ್ಕು ವಾರ ಬಾಯಿಪಾಠ ಮಾಡಿದ ಭಾಷಣ ಎಲ್ಲಾ ಹಾರಿಹೋತು. ನನ್ನ ನಂಬಿಕಿ ಬಂಟ ಇದ್ದನಲ್ಲ, ಆ ಮೆ ಗುಸ್ತಾ? ಅದ ಒಂದು ಬಾಯಿಗೆ ಬಂತು. ನಿಮ್ಮ ಮಗಳು ನನಗ ಭಾಳ ಸೇರ್ಯಾಳ ಅಂತ ಧೈರ್ಯದಿಂದ ಅಂದೆ: "ಮೆ ಗುಸ್ತಾ ಮುಚೊ ಸು ಇಹಾ."

ಡೇನಿಯೆಲಾ ಬಾಯಿ ಮ್ಯಾಲೆ ಕೈ ಇಟ್ಕೊಂಡ್ಲು. ಆಮ್ಯಾಲೆ ಗೊತ್ತಾತು, ಮನಿಷ್ಯಾರ ಬಗ್ಗೆ ಹಂಗಂದ್ರ ಅವರ ಮ್ಯಾಲೆ ಪ್ರೀತಿ ಆಗ್ಯದ ಅಂತ ಅರ್ಥಂತ. ಅಂದ್ರ ಹುಡುಗಿ ನನಗ ಬೇಕು ಅಂದಂಗ!

ಲೂರ್ದೆಸ್ ತುಟಿ ಅಂಚಿನ್ಯಾಗ ನಕ್ಕೋತ ಸ್ಪ್ಯಾನಿಶಿನ್ಯಾಗ ಕೇಳಿದ್ರು, "ನಿಮಗೋ, ನಿಮ್ಮ ಮಗಗೋ?"

ಬ್ಯಾರೆ ದಿನ ಆಗಿದ್ರ ನೆಲ ನೋಡ್ತಿದ್ದೆ. ಅವತ್ತು ಬೀಗತಿ ಚೇಷ್ಟಿ ಮಾಡ್ಲಿಕ್ಹತ್ಯಾರ, ಹುಬ್ಬಳ್ಳಿ ಹೆಣ್ಣಮಗಳು ಸುಮ್ಮನಿರ್ತಾಳೇನು? ತರ್ಜುಮೆ ಮಾಡಿಕೊಳ್ಳದನ, ನೇರ ಸ್ಪ್ಯಾನಿಶಿನ್ಯಾಗ ಉತ್ತರ ಬಂತು.

"ಅವಗ ಹೆಂಡತಿ ಅಂತ. ನನಗ ಮಗಳು ಅಂತ."

ಲೂರ್ದೆಸ್ ಎದ್ದು ಬಂದು ಗಟ್ಟಿಯಾಗಿ ಅಪ್ಪಿಕೊಂಡ್ರು. ಕಿವ್ಯಾಗ ಒಂದ ಶಬ್ದ ಹೇಳಿದ್ರು: "ಕೋನ್ಸುವೆಗ್ರಾ." ಬೀಗತಿ! ಒಂದ ಶಬ್ದದಾಗ, ಪೂರ್ತಿ ಬೀಗತಿ. ನಾ ಅತ್ತೆ, ಅವರೂ ಅತ್ತರು. ಆಮ್ಯಾಲೆ ಎರಡು ತಾಸು ಅಡಗಿಮನ್ಯಾಗ ನಾವಿಬ್ಬರ ಕೂತು, ನಮ್ಮ ನಮ್ಮ ಅತ್ತ್ಯಾರ ಕಥಿ ಹೇಳಿಕೊಂಡ್ವಿ. ನಡುವ ಯಾವ ಹುಡುಗ್ರೂ ಇರಲಿಲ್ಲ. ಖರೇ ಹೇಳ್ತೀನಿ, ನಾ ಕೆನಡಾದ ಪೌರತ್ವ ತಗೊಂಡಾಗ ಸುದ್ದಾ ಇಷ್ಟು ಹಿಗ್ಗಿರಲಿಲ್ಲ.

ಮೊನ್ನೆ ಲೂರ್ದೆಸ್ ಕ್ಲಿನಿಕ್ಕಿಗೆ ಫೋನ್ ಮಾಡಿದ್ರು. ನಾ ನಕ್ಕೋತ ಸ್ಪ್ಯಾನಿಶಿನ್ಯಾಗ ಮಾತಾಡೂದು ಕೇಳಿ, ಬಾಜು ಕೂಡೋ ಶೆರಿಲ್ ಯಾರದು ಅಂತ ಕೇಳಿದ್ಲು. ನನ್ನ ಮಗ ಲಗ್ನ ಆಗೋ ಹುಡುಗಿ ತಾಯಿ ಅಂತ ಇಂಗ್ಲಿಷಿನ್ಯಾಗ ಹೇಳೋದ್ರಾಗ ನನಗ ದಮ್ಮು ಹತ್ತಿತು. ಅವರು ನಿಮಗೇನಾಗಬೇಕು ಅಂತ ಶೆರಿಲ್ ಮತ್ತ ಕೇಳಿದ್ಲು. ಎಷ್ಟು ತಡಕಾಡಿದ್ರೂ ಇಂಗ್ಲಿಷಿನ್ಯಾಗ ನಾಲಿಗಿಗೆ ಬರೋ ಒಂದು ಶಬ್ದ ಸಿಗಲಿಲ್ಲ.

ಬೀಗರೇ ಇಲ್ಲದ ಭಾಷಾದಾಗ, ಲಗ್ನದ ಮನ್ಯಾಗ ಯಾರು ಯಾರ ಮ್ಯಾಲೆ ಮುನಿಸಿಕೋತಾರೋ, ಪಾಪ?