ಅತ್ತೆ ಕಣ್ಣಿಗೊತ್ತಿಕೊಂಡ ಸೀರೆ

ಬಾಗಲಕೋಟೆಯ ಚರ್ಮದ ಡಾಕ್ಟರು ನಮ್ಮ ಅತ್ತೆಯ ಬೆನ್ನಿಗೆ ಅಂಟಿಸಿದ್ದ ಪಟ್ಟಿಯನ್ನು ಮೆಲ್ಲಗೆ ಕಿತ್ತರು. ಎಂಬತ್ತರ ದಶಕದ ಮಾತು. ಅತ್ತೆಯ ಕಣ್ಣಿನ ರೆಪ್ಪೆಗಳು ತಿಂಗಳುಗಟ್ಟಲೆ ಊದಿ, ತುರಿಸಿ ಸುಲಿಯುತ್ತಿದ್ದವು. ಯಾವುದು ಒಗ್ಗುತ್ತಿಲ್ಲವೆಂದು ತಿಳಿಯಲು ಡಾಕ್ಟರು ಕುಂಕುಮ, ಕಾಡಿಗೆ, ತಲೆಗೆ ಹಚ್ಚುವ ಎಣ್ಣೆ, ನಮ್ಮ ಇಳಕಲ್ ಮಗ್ಗದ ನೂಲು ಎಲ್ಲವನ್ನೂ ಚೂರುಚೂರು ಬೆನ್ನಿಗೆ ಅಂಟಿಸಿ, ಎರಡು ದಿನ ಸ್ನಾನ ಬಿಡಿಸಿದ್ದರು. ಈಗ ಕೆಂಪು ನೂಲಿದ್ದ ಕಡೆ ಮಾತ್ರ ದದ್ದು ಎದ್ದಿತ್ತು.

"ನೂಲಿನ ಬಣ್ಣ ಒಗ್ಗವಲ್ದು. ಆದ್ರ ಕೈ ನೆಟ್ಟಗದಾವ, ಕಣ್ಣಿಗೆ ಹೆಂಗ ತಾಗ್ತು?" ಎಂದು ಡಾಕ್ಟರು ಯೋಚನೆಗೆ ಬಿದ್ದರು.

ಇನ್ನು ಮಗ್ಗ ಬಿಡಿಸುತ್ತಾರೆಂದು ಅತ್ತೆಯ ಮುಖ ಬಾಡಿತು. ಆದರೂ ಡಾಕ್ಟರ ಮನೆಯವರಿಗೆಂದು ತಾವೇ ನೇಯ್ದು ತಂದಿದ್ದ ಸೀರೆಯನ್ನು ಚೀಲದಿಂದ ತೆಗೆದರು. ಕೊಡುವ ಮೊದಲು ವಾಡಿಕೆಯಂತೆ ಎರಡೂ ಕಣ್ಣಿಗೆ ಒತ್ತಿಕೊಂಡರು.

"ತಡೀರಿ ಯವ್ವಾ! ಎಲ್ಲಾ ಸೀರಿಗೂ ಹಿಂಗ ಮಾಡ್ತೀರೇನು?"

"ಮತ್ತ? ಮಗ್ಗದಿಂದ ಇಳಿಸಿದ ಸೀರಿ ಕಣ್ಣಿಗೆ ಒತ್ಕೊಳ್ದ ಹೊರಗ ಕೊಡಂಗಿಲ್ರಿ."

ಡಾಕ್ಟರು ಜೋರಾಗಿ ನಕ್ಕರು. ಕೈಯ ದಪ್ಪ ಚರ್ಮ ತಡೆದುಕೊಂಡದ್ದನ್ನು ರೆಪ್ಪೆಯ ತೆಳು ಚರ್ಮ ತಡೆಯುವುದಿಲ್ಲ ಎಂದರು. ಮಗ್ಗ ಬಿಡುವುದು ಬೇಡ, ಕೈ ತೊಳೆಯದೆ ಕಣ್ಣು ಮುಟ್ಟಬೇಡಿ, ಸೀರೆಯನ್ನಂತೂ ಕಣ್ಣ ಹತ್ತಿರ ತರಲೇಬೇಡಿ ಎಂದು ಹೇಳಿ ಕಳಿಸಿದರು.

ರೆಪ್ಪೆ ಮೊದಲಿನಂತಾಯಿತು. ಅಲ್ಲಿಯವರೆಗೆ ಸೀರೆ ಇಳಿಸುವಾಗ ಸೊಸೆಯಾದ ನನ್ನನ್ನು ಹತ್ತಿರ ಬಿಟ್ಟುಕೊಳ್ಳದ ಅತ್ತೆ, ಆಮೇಲೆ ತಾವೇ ಕೂಗಿ ಕರೆದು ಸೀರೆಯನ್ನು ನನ್ನ ಕೈಗಿಡುತ್ತಿದ್ದರು. ನಾನು ಪ್ರತಿ ಸೀರೆಯನ್ನೂ ಎರಡು ಸಲ ಕಣ್ಣಿಗೆ ಒತ್ತಿಕೊಳ್ಳುತ್ತಿದ್ದೆ. ಮೊದಲನೆಯದು ಅತ್ತೆಯ ಪಾಲಿನದು.