ಹೊಲಿಗೆ ಮಷಿನ್ನಿನ ಆಚೆ ಬದಿ

ಅತ್ತೆಯವರ ಎಡಗೈ ಹೆಬ್ಬೆರಳಿನ ಉಗುರು ನಡುವೆ ಸೀಳಿತ್ತು. ಯಾವಾಗಲೋ ಹೊಲಿಗೆ ಮಷಿನ್ನಿನ ಸೂಜಿ ಹೊಕ್ಕ ಮೇಲೆ ಅದು ಮತ್ತೆ ಕೂಡಿಕೊಳ್ಳಲೇ ಇಲ್ಲ. ಎರಡು ಪುಟ್ಟ ಉಗುರುಗಳಂತೆ ಬೆಳೆಯುತ್ತಿತ್ತು. ಬಟ್ಟೆಯನ್ನು ಸೂಜಿಯ ಕೆಳಗೆ ಸರಿಸುವಾಗ ಆ ಹೆಬ್ಬೆರಳೇ ಮುಂದಿರುತ್ತಿತ್ತು. ಅವರಿಗೆ ಎದುರಾಗಿ, ಮಷಿನ್ನಿನ ಆಚೆ ಬದಿಗೆ ಕೂತು ನಾನು ಹಿಡಿಕೆ ತಿರುಗಿಸುತ್ತಿದ್ದೆ. ಅಲ್ಲಿಂದ ನೋಡಿದರೆ ಆ ಉಗುರು ನನ್ನ ಕಡೆಗೇ ನಡೆದು ಬರುತ್ತಿರುವಂತೆ ಕಾಣುತ್ತಿತ್ತು. ಅವರ ಮುಖ ಮರೆತುಹೋಗುತ್ತದೇನೋ ಎಂದು ಹೆದರಿಕೆಯಾದಾಗ ಈಗ ಮೊದಲು ಆ ಉಗುರನ್ನು ನೆನೆಯುತ್ತೇನೆ. ಅದರ ಹಿಂದೆ ಮುಖ ಬರುತ್ತದೆ.

ಕೈಯಿಂದ ತಿರುಗಿಸುವ ಕರಿಯ ಮಷಿನ್ನು ಅದು. ಮೈಮೇಲಿನ ಬಂಗಾರ ಬಣ್ಣದ ಹೂವುಗಳು ಒರೆಸಿ ಒರೆಸಿ ಮಾಸಿವೆ. ಮಾವನವರು ಹೈದರಾಬಾದಿನ ಅಬಿಡ್ಸ್‌ನಲ್ಲಿ ಯಾರೋ ಬಳಸಿದ್ದನ್ನು ಕೊಂಡು ತಂದಿದ್ದರಂತೆ. ನಾನು ಮದುವೆಯಾಗಿ ಬರುವ ಹೊತ್ತಿಗೆ ಅವರು ಇರಲಿಲ್ಲ, ಮಷಿನ್ನು ಇತ್ತು. ನೆಲದ ಮೇಲೆ ಒಂದು ಮಣೆ, ಅದರ ಮೇಲೆ ಮಷಿನ್ನು, ಈ ಬದಿಗೆ ಅತ್ತೆ, ಆ ಬದಿಗೆ ನಾನು. ಬಾಡಿಗೆ ಮನೆಗಳು ಬದಲಾದವು, ಕೊನೆಗೆ ಉಪ್ಪಲ್‌ನಲ್ಲಿ ಸ್ವಂತ ಫ್ಲ್ಯಾಟಿಗೆ ಬಂದೆವು. ನಾವಿಬ್ಬರೂ ಕೂಡುವ ರೀತಿ ಮಾತ್ರ ಬದಲಾಗಲಿಲ್ಲ.

ಅದು ಹೇಗೆ ಶುರುವಾಯಿತು ಎಂಬುದು ಚೆನ್ನಾಗಿ ನೆನಪಿದೆ. ವಿಜಯಪುರದ ಕಡೆಯ ಹಳ್ಳಿಯಿಂದ ಬಂದವಳು ನಾನು. ಹೈದರಾಬಾದಿನಲ್ಲಿ ಹಾಲಿನವನು ತೆಲುಗಿನಲ್ಲಿ ಮಾತಾಡುತ್ತಿದ್ದ, ತರಕಾರಿಯವಳು ಇನ್ನೇನೋ ಕಲಸಿ ಮಾತಾಡುತ್ತಿದ್ದಳು, ನನಗೆ ಯಾವುದೂ ತಿಳಿಯುತ್ತಿರಲಿಲ್ಲ. ಯಜಮಾನರು ಕೆಲಸಕ್ಕೆ ಹೋದ ಮೇಲೆ ಅಡುಗೆಮನೆಯ ಬಾಗಿಲ ಚೌಕಟ್ಟಿಗೆ ಒರಗಿ ನಿಂತುಬಿಡುತ್ತಿದ್ದೆ. ಅಳು ಬಂದರೂ ಸದ್ದು ಬರದಂತೆ ನೋಡಿಕೊಳ್ಳುತ್ತಿದ್ದೆ. ಅತ್ತೆಯವರು ಒಂದು ಮಧ್ಯಾಹ್ನ ಮಷಿನ್ನಿನ ಮುಂದೆ ಕೂತವರು ತಲೆ ಎತ್ತದೆಯೇ ಕರೆದರು.

“ಬಾ ಇಲ್ಲಿ. ನನ್ನ ಕೈ ನೋಯಾಕತ್ತೈತಿ. ಹಿಡಿಕಿ ತಿರುವು.”

“ನನಗ ಬರಂಗಿಲ್ರಿ ಅತ್ಯಾರ.”

“ಬೀಸೂ ಕಲ್ಲು ತಿರುವಾಕ ಬರ್ತೈತಿಲ್ಲ? ಇದು ಅದರ ತಂಗಿ. ಕೂಡು, ಆ ಕಡೆ ಕೂಡು.”

ಕೂತೆ. ಹಿಡಿಕೆ ನನ್ನ ಎಡಗೈ ಕಡೆ ಬಂತು. “ನಿನ್ನ ಕಡೆ ತಿರುವು, ನಿನ್ನ ಕಡೆ” ಎಂದರು. ತಿರುಗಿಸಿದೆ. ಅತ್ತೆಯವರ ಕಡೆಯಿಂದ ಹೊರಟ ಬಟ್ಟೆ ಹೊಲಿಗೆ ಬಿದ್ದು ನನ್ನ ಮಡಿಲಿಗೆ ಬಂತು. ಅದು ಯಾರದೋ ಹಳೆಯ ಲಂಗ. ಯಾಕೋ ಅದನ್ನು ನೋಡಿದ ಕೂಡಲೆ ತಡೆಯಲಾಗಲಿಲ್ಲ, ಕಣ್ಣೀರು ಸುರಿಯಿತು, ಕೈ ನಿಂತಿತು. ಅತ್ತೆಯವರು ಸಮಾಧಾನ ಹೇಳಲಿಲ್ಲ. ಕನ್ನಡಕವನ್ನು ಮೂಗಿನ ಮೇಲೆ ಸರಿಮಾಡಿಕೊಂಡು ಅಂದರು:

“ಅಳೋದಿದ್ರ ಅಳು. ಕೈ ನಿಲ್ಲಿಸಬ್ಯಾಡ, ಹೊಲಿಗಿ ಸೊಟ್ಟ ಆಕ್ಕೈತಿ.”

ಅಂದಿನಿಂದ ಹಿಡಿಕೆ ನನ್ನದಾಯಿತು.

ಹೊಲಿಯುವಾಗ ಅವರು ಹೆಚ್ಚು ಮಾತಾಡುವವರಲ್ಲ. ನಾನು ಬಟ್ಟೆಯನ್ನು ಈ ಕಡೆಯಿಂದ ಸ್ವಲ್ಪ ಜಗ್ಗಿದರೂ ತಿಳಿದುಬಿಡುತ್ತಿತ್ತು. “ಎಳೀಬ್ಯಾಡ, ತಾನ ಬರತೈತಿ” ಅನ್ನುತ್ತಿದ್ದರು. ಇದೊಂದು ಮಾತನ್ನು ಎಲ್ಲದಕ್ಕೂ ಹೇಳುತ್ತಿದ್ದರು. ಆಟೋದವನು ಟ್ರಾಫಿಕ್ಕಿನಲ್ಲಿ ಸಿಡಿಮಿಡಿ ಮಾಡಿದರೆ ಅವನಿಗೆ ಕೇಳಿಸದಂತೆ ನನ್ನ ಕಿವಿಯಲ್ಲಿ, ಮಗಳ ಹಲ್ಲು ಹುಟ್ಟುವುದು ತಡವಾಯಿತೆಂದು ನಾನು ಪೇಚಾಡಿದರೆ ನನಗೆ.

ಅವರ ಜೊತೆ ಸೂಜಿ ತರಲು ಹೋಗುವುದೇ ಒಂದು ಮೋಜು. ಅಂಗಡಿಯ ಕಟ್ಟೆಗೆ ಮೊಣಕೈ ಊರಿ, ಅರ್ಧ ಹಿಂದಿ ಅರ್ಧ ಕನ್ನಡದಲ್ಲಿ, “ಸುಯಿ ದೇವ್ ಭಾಯ್, ಮೊಂಡ ಇರೋದು ನಕ್ಕೋ” ಅನ್ನುತ್ತಿದ್ದರು. ಅಂಗಡಿಯಾತನೂ ಅಷ್ಟೇ ಗಂಭೀರವಾಗಿ, “ನಹೀ ಅಮ್ಮಾ, ಮೊಂಡ ನಹೀ” ಎಂದು ಕೊಡುತ್ತಿದ್ದ. ಹೊರಗೆ ಬಂದು ನಾನು ನಕ್ಕರೆ, “ಯಾಕ ನಗ್ತಿ? ಅವಗ ತಿಳೀತಿಲ್ಲ?” ಎಂದು ಕೇಳುತ್ತಿದ್ದರು.

ಅವರು ಮನಸ್ಸಿಟ್ಟು ಹೊಲಿಯುತ್ತಿದ್ದದ್ದು ಕೌದಿ. ಹಳೆಯ ಸೀರೆಗಳನ್ನು ಪದರು ಪದರಾಗಿ ಹಾಸಿ, ಮೇಲೆ ಬಣ್ಣಬಣ್ಣದ ತುಂಡುಗಳನ್ನು ಕೂಡಿಸಿ ಹೊಲಿಯುವುದು. ಊರಲ್ಲಿ ನಮ್ಮವರು ಕೈಯಲ್ಲೇ ಹೊಲಿಯುತ್ತಾರೆ. ಇವರು ಪಟ್ಟಣಕ್ಕೆ ಬಂದ ಮೇಲೆ ಮಷಿನ್ನಿಗೆ ಒಗ್ಗುವಂತೆ ತೆಳ್ಳಗೆ ಹೊಲಿಯುವುದನ್ನು ರೂಢಿಸಿಕೊಂಡಿದ್ದರು. ಕೊನೆಯ ಮೂಲೆಯನ್ನು ಮುಚ್ಚುವ ಮೊದಲು ಅದರೊಳಗೆ ಒಂದು ಚಿಟಿಕೆ ಜೋಳ ಹಾಕುತ್ತಿದ್ದರು. “ಹೊದ್ದವರನ್ನ ಬೆಚ್ಚಗ ಇಡೂದು ಅದು. ಅದು ಉಪಾಸ ಇರಬಾರದವಾ.”

ನನ್ನ ಮಗಳು ಬಸುರಿ ಎಂದು ತಿಳಿದ ದಿನವೇ ಅತ್ತೆಯವರು ತಮ್ಮ ಹಳೆಯ ಇಳಕಲ್ ಸೀರೆಗಳನ್ನು ಹೊರಗೆ ತೆಗೆದರು. ಮೊಮ್ಮಗಳ ಕೂಸಿಗೆ ಕೌದಿ. ನಾನು ತಿರುಗಿಸಿದೆ, ಅವರು ಹೊಲಿದರು. ಅರ್ಧಕ್ಕಿಂತ ಸ್ವಲ್ಪ ಹೆಚ್ಚೇ ಆಗಿತ್ತು. ಒಂದು ಬೆಳಿಗ್ಗೆ ಚಹಾ ಕುಡಿದು, ಎದೆ ಹಿಡಿದಂತಾಗುತ್ತದೆ ಎಂದು ಗೋಡೆಗೆ ಒರಗಿದರು. ಆಸ್ಪತ್ರೆಗೆ ಒಯ್ಯಲು ಆಟೋ ಬರುವಷ್ಟರಲ್ಲಿ ಹೋಗಿಬಿಟ್ಟಿದ್ದರು.

ತುಂಬಿದ ಬಸುರಿ ಹೆಣ ನೋಡಬಾರದು ಎಂದು ಹಿರಿಯರೆಲ್ಲ ಹೇಳಿದರು. ಹೆರಿಗೆಗೆಂದು ನಮ್ಮ ಮನೆಗೇ ಬಂದಿದ್ದ ಮಗಳನ್ನು ಪಕ್ಕದ ಫ್ಲ್ಯಾಟಿನ ಒಂದು ಕೋಣೆಯಲ್ಲಿ ಕೂಡಿಸಿದೆವು. ಅಜ್ಜಿಯನ್ನು ಕೆಳಗೆ ಇಳಿಸುವಾಗ ಮೆಟ್ಟಿಲ ಸದ್ದು ಮಾತ್ರ ಅವಳಿಗೆ ಕೇಳಿಸಿರಬೇಕು. ಆಮೇಲೆ ಹೆರಿಗೆಯಾಯಿತು, ಹೆಣ್ಣು ಕೂಸು. ಮಗಳು ಕೂಸಿಗೆ ಹಾಲು ಕುಡಿಸುತ್ತಾಳೆ, ಕೇಳಿದ್ದಕ್ಕೆ ಉತ್ತರ ಕೊಡುತ್ತಾಳೆ. ಅಜ್ಜಿಯ ಮಾತನ್ನು ಮಾತ್ರ ಎತ್ತಲೇ ಇಲ್ಲ. ಅಳಲೂ ಇಲ್ಲ. ಅದನ್ನು ನೋಡಿದರೆ ನನಗೆ ಹೆದರಿಕೆಯಾಗುತ್ತಿತ್ತು.

ಸಾವಾದ ಮನೆ ಎಂದು ತೊಟ್ಟಿಲಿಗೆ ಹಾಕುವ ಕಾರ್ಯ ಮುಂದೆ ಹೋಗಿತ್ತು. ಅದಕ್ಕೆ ದಿನ ಗೊತ್ತಾದ ಮೇಲೆ, ಅಷ್ಟರೊಳಗೆ ಆ ಕೌದಿಯನ್ನು ಮುಗಿಸಲೇಬೇಕು ಎಂದು ನನಗೆ ಹಟ ಬಂತು. ಅಜ್ಜಿಯನ್ನು ಕಡೆಯ ಸಲ ನೋಡಲಾಗದವಳಿಗೆ ಅಜ್ಜಿಯ ಸೀರೆಯಾದರೂ ಕೈಗೆ ಬರಲಿ ಎಂದುಕೊಂಡೆ.

ಮರದ ಮುಚ್ಚಳ ತೆಗೆದು ಮಷಿನ್ನನ್ನು ಮಣೆಯ ಮೇಲಿಟ್ಟೆ. ಎಣ್ಣೆ ಬಿಟ್ಟೆ. ಅತ್ತೆಯವರ ಜಾಗದಲ್ಲಿ ಕೂತೆ. ಕೂತ ಕೂಡಲೆ ಎಲ್ಲವೂ ಅಪರಿಚಿತವಾಯಿತು. ಸೂಜಿಗೆ ದಾರ ಪೋಣಿಸುವುದನ್ನು ಅಷ್ಟು ವರ್ಷ ನೋಡಿದ್ದೇನೆ, ಆದರೆ ನಾನು ನೋಡಿದ್ದು ಹಿಂದಿನಿಂದ. ದಾರ ಎಲ್ಲಿಂದ ಬಂದು ಯಾವ ಕೊಕ್ಕೆಗೆ ಸಿಕ್ಕಿಕೊಳ್ಳಬೇಕು, ಸೂಜಿಯ ಯಾವ ಬದಿಯಿಂದ ಹೋಗಬೇಕು ಎಂಬುದೆಲ್ಲ ತಿರುವುಮುರುವಾಯಿತು. ಹೇಗೋ ಪೋಣಿಸಿ, ಬಲಗೈಯಿಂದ ಹಿಡಿಕೆ ಹಿಡಿದು, ಅವರು ಕಲಿಸಿದಂತೆ ನನ್ನ ಕಡೆ ತಿರುಗಿಸಿದೆ. ಗರ್ ಅಂದಿತು. ಬಟ್ಟೆಯ ಕೆಳಗೆ ದಾರ ಹಕ್ಕಿಯ ಗೂಡಿನಂತೆ ಗಂಟು ಕಟ್ಟಿತು. ಬಿಡಿಸಿ ಮತ್ತೆ ತಿರುಗಿಸಿದೆ, ದಾರ ಕಡಿದುಹೋಯಿತು. ಸೂಜಿ ಬದಲಿಸಿದೆ. ಬಾಬಿನ್ ತೆಗೆದು ಮತ್ತೆ ಹಾಕಿದೆ. ಮೇಲಿನ ತಿರುಪನ್ನು ಬಿಗಿ ಮಾಡಿದೆ, ಸಡಿಲ ಮಾಡಿದೆ. ಹೊಲಿಗೆ ಬೀಳಲಿಲ್ಲ. ಮಷಿನ್ನು ಕೆಟ್ಟಿದೆಯೋ, ನನ್ನ ತಲೆ ಕೆಟ್ಟಿದೆಯೋ ತಿಳಿಯದಾಯಿತು. ಮನುಷ್ಯರು ಹೋದರೆ ಅವರ ಸಾಮಾನೂ ಮುನಿಸಿಕೊಳ್ಳುತ್ತದೆಯೇ ಎಂದೂ ಅನ್ನಿಸಿತು. ಅಂಥ ಮಾತನ್ನು ಯಾರ ಮುಂದೆ ಹೇಳುವುದು?

ಮಗಳು ಕೋಣೆಯಿಂದಲೇ, “ಬಿಡು ಮಮ್ಮಿ. ಆನ್‌ಲೈನ್‌ನ್ಯಾಗ ಕೌದಿ ಸಿಗ್ತಾವ” ಎಂದಳು. ಅವಳ ದನಿಯಲ್ಲಿ ಏನೂ ಇರಲಿಲ್ಲ. ಅದಕ್ಕೇ ನನಗೆ ಇನ್ನಷ್ಟು ಸಂಕಟವಾಯಿತು.

ಆ ವಾರ ನಾದಿನಿ ಬಂದಳು. ಯಜಮಾನರ ತಂಗಿ, ಅತ್ತೆಯವರ ಒಬ್ಬಳೇ ಮಗಳು. ಮಣಿಕೊಂಡದಲ್ಲಿರುತ್ತಾಳೆ, ಕೂಸನ್ನು ನೋಡಲು ಮೆಟ್ರೋ ಹಿಡಿದು ಬಂದಿದ್ದಳು. ಚಪ್ಪಲಿ ಬಿಡುತ್ತಲೇ ಮಷಿನ್ನನ್ನೂ ಸುತ್ತ ಬಿದ್ದಿದ್ದ ದಾರದ ಗಂಟುಗಳನ್ನೂ ನೋಡಿದಳು.

“ಏನ್ರಿ ವೈನಿ, ಮಷಿನ್ ಜೋಡಿ ಕುಸ್ತಿ ಹಿಡದೀರಿ?”

“ಹೊಲಿಗಿ ಬೀಳವಲ್ದವಾ. ಅತ್ಯಾರು ಇದ್ದಾಗ ಹ್ಯಾಂಗ ಓಡ್ತಿತ್ತು.”

“ಎಲ್ಲಿ, ತಿರುವ್ರಿ ನೋಡೂಣು.”

ತಿರುಗಿಸಿದೆ. ಅವಳು ಜೋರಾಗಿ ನಕ್ಕಳು.

“ಅಯ್ಯ ವೈನಿ, ಉಲ್ಟಾ ತಿರುವಾಕತ್ತೀರಲ್ರಿ! ಆ ಕಡೆ ತಿರುವ್ರಿ, ಮುಂದಕ್ಕ.”

“ನನ್ನ ಕಡೆ ತಿರುವು ಅಂತ ಅತ್ಯಾರ ಹೇಳಿದ್ರು.”

“ನೀವು ಆಚೆ ಕೂತಾಗ ಅದು ಖರೆ. ಈಗ ಈಚೆ ಕೂತೀರಲ್ಲ!”

ನಾನು ಹಿಡಿಕೆಯನ್ನೂ ಎದುರಿಗಿದ್ದ ಖಾಲಿ ಜಾಗವನ್ನೂ ನೋಡಿದೆ. ಹೌದಲ್ಲ. ನನ್ನ ಕೈಗೆ ಗೊತ್ತಿದ್ದದ್ದು ಆಚೆ ಬದಿಯ ಮಷಿನ್ನು ಮಾತ್ರ. ಮುಂದಕ್ಕೆ ತಿರುಗಿಸಿದೆ. ಟಕ ಟಕ ಎಂದು ಹೊಲಿಗೆ ಬಿತ್ತು. ಸ್ವಲ್ಪ ಸೊಟ್ಟವಾಗಿಯೇ, ಆದರೆ ಬಿತ್ತು. ಆ ಸದ್ದು ಕೇಳಿ ನಾದಿನಿಯ ನಗು ನಿಂತಿತು.

“ನೀನೂ ಹಿಂಗ ತಿರುವ್ತಿದ್ದೇನು, ಸಣ್ಣಾಕಿ ಇದ್ದಾಗ?” ಎಂದು ಕೇಳಿದೆ.

“ನಾನೇನು ತಿರುವ್ಲಿ! ಅವ್ವ ಯಾರಿಗೂ ಮುಟ್ಟಗೊಡ್ತಿರಲಿಲ್ಲ. ಬಲಗೈಲೆ ತಿರುವೂದು, ಎಡಗೈಲೆ ಅರಿವಿ ಹಿಡಿಯೂದು, ಎಲ್ಲಾ ಒಬ್ಬಾಕಿನ. ಸೂಜಿ ಹೊಕ್ಕು ಉಗರು ಸೀಳಿದಾಗ ನಾನಿನ್ನೂ ಸಾಲಿಗೆ ಹೋಗ್ತಿದ್ದೆ. ತಿರುವಾಕ ನಾ ಬರ್ಲೇನವಾ ಅಂದ್ರ, ನಡುವ ಬರಬ್ಯಾಡ, ಓದ್ಕೋ ಹೋಗು ಅಂತ ಬೈದು ಕಳಿಸಿದ್ಲು.”

“ಆಮ್ಯಾಲೆ ಕೈ ನೋಯಾಕ ಹತ್ತಿತ್ತೇನು?”

“ಅವ್ವನ ಕೈ? ನನಗಂತೂ ಒಂದಿನಾನೂ ಹೇಳಿಲ್ಲ.”

ನಾದಿನಿ ಒಳಗೆ ಹೋಗಿ ಕೂಸನ್ನು ಎತ್ತಿಕೊಂಡಳು. ಕೈ ನೋಯುತ್ತದೆ ಎಂದು ನನ್ನನ್ನು ಕರೆದ ಅತ್ತೆಯವರು ದಿನಾ ಅದೇ ಕೈಯಿಂದ ಇಡೀ ಮನೆಗೆ ರೊಟ್ಟಿ ಬಡಿಯುತ್ತಿದ್ದರು. ನೀರಿನ ಕೊಡ ಎತ್ತುತ್ತಿದ್ದರು. ಅದು ನನ್ನ ಕಣ್ಣೆದುರಿಗೇ ಇತ್ತು, ಆದರೂ ಒಂದಕ್ಕೊಂದು ಕೂಡಿಸಿ ನೋಡಿರಲಿಲ್ಲ. ಹಾಗಾದರೆ ನನ್ನನ್ನು ಯಾಕೆ ಕೂಡಿಸಿಕೊಂಡರು? ನಾನು ಅಳುತ್ತಿದ್ದದ್ದು ತಿಳಿದಿತ್ತೇ? ಅಥವಾ ಆ ಉಗುರಿನ ನೋವು ಆಗಾಗ ಮರುಕಳಿಸುತ್ತಿತ್ತೋ, ಮಗಳಿಗೆ ಹೇಳದ್ದನ್ನು ಸೊಸೆಗೆ ಹೇಳಿದರೋ? ಅಥವಾ ಅವರಿಗೂ ಎದುರಿಗೆ ಒಬ್ಬರು ಬೇಕಾಗಿತ್ತೋ? ಒಂದು ಸಲ ಒಂದು ಸರಿ ಅನ್ನಿಸುತ್ತದೆ, ಇನ್ನೊಂದು ಸಲ ಇನ್ನೊಂದು. ಕೇಳಬೇಕಾದವರು ಇಲ್ಲ. ಇದ್ದಿದ್ದರೂ “ಎಳೀಬ್ಯಾಡ, ತಾನ ಬರತೈತಿ” ಎಂದು ಮಾತು ಮುಗಿಸುತ್ತಿದ್ದರು.

ಒಂದು ಮಾತ್ರ ನನಗೆ ಖಚಿತವಾಗಿ ಗೊತ್ತು. ಹೊಲಿಯುವಾಗಿನ ಅವರ ಮುಖ ನನ್ನಷ್ಟು ಯಾರೂ ನೋಡಿಲ್ಲ. ಮನೆಯ ಬೇರೆಯವರಿಗೆಲ್ಲ ಕಂಡದ್ದು ಅವರ ಬಾಗಿದ ಬೆನ್ನು.

ನಾದಿನಿ ಹೋದ ಮರುದಿನ ಮಧ್ಯಾಹ್ನ ಕೌದಿಯನ್ನು ಹಾಸಿಕೊಂಡು ಕೂತೆ. ಈಗ ಬಲಗೈ ಮುಂದಕ್ಕೆ ತಿರುಗಿಸುವುದನ್ನು ಕಲಿತಿತ್ತು. ಎಡಗೈ ಬಟ್ಟೆ ಹಿಡಿದಿತ್ತು. ನಿಧಾನವಾದರೂ ಕೆಲಸ ಸಾಗುತ್ತಿತ್ತು. ಹೀಗೇ ಹೋದರೆ ತೊಟ್ಟಿಲ ದಿನಕ್ಕೆ ಒಬ್ಬಳೇ ಮುಗಿಸಬಹುದು ಎಂದು ಧೈರ್ಯ ಬಂತು. ಹಾಗೆ ತಲೆ ಎತ್ತಿದಾಗ ಮಗಳು ಕೋಣೆಯ ಬಾಗಿಲ ಚೌಕಟ್ಟಿಗೆ ಒರಗಿ ನಿಂತಿದ್ದಳು. ಕೂಸು ಒಳಗೆ ಮಲಗಿರಬೇಕು. ಅವಳ ಕಣ್ಣು ಅಜ್ಜಿಯ ಸೀರೆಯ ಕೆಂಪು ಸೆರಗಿನ ಮೇಲಿತ್ತು.

ನಾನು ಹಿಡಿಕೆ ಬಿಟ್ಟೆ.

“ಬಾ ಇಲ್ಲಿ. ನನ್ನ ಕೈ ನೋಯಾಕತ್ತೈತಿ. ಹಿಡಿಕಿ ತಿರುವು.”

“ನನಗ ಬರಂಗಿಲ್ಲ ಮಮ್ಮಿ.”

“ಆ ಕಡೆ ಕೂಡು. ನಿನ್ನ ಕಡೆ ತಿರುವು, ಅಷ್ಟ.”

ಬಂದು ಕೂತಳು. ಎಡಗೈಯಲ್ಲಿ ಹಿಡಿಕೆ ಹಿಡಿದು ತಿರುಗಿಸಿದಳು. ಅತ್ತೆಯವರ ಸೀರೆ ನನ್ನ ಕೈಯಿಂದ ಜಾರುತ್ತ, ಹೊಲಿಗೆ ಬೀಳುತ್ತ ಹೋಗಿ ಅವಳ ಮಡಿಲಿಗೆ ಇಳಿಯತೊಡಗಿತು. ಅವಳು ಬಗ್ಗಿ ಅದನ್ನು ಮೂಸಿದಳು. ಭುಜಗಳು ಅಲುಗಿದವು. ಹಿಡಿಕೆ ನಿಂತಿತು.

ನನ್ನ ಕೈ ನೋಯುತ್ತಿರಲಿಲ್ಲ. ಕನ್ನಡಕವನ್ನು ಸರಿಮಾಡಿಕೊಂಡು, ಸೂಜಿಯ ಮೇಲೇ ಕಣ್ಣಿಟ್ಟು ಹೇಳಿದೆ:

“ಅಳೋದಿದ್ರ ಅಳವ್ವಾ. ಕೈ ನಿಲ್ಲಿಸಬ್ಯಾಡ.”